ಹಿಮಬಂಡಿಗೆ ಉಸಿರು ಕಟ್ಟಿದಾಗ

ಸ್ಟಾರ್ಟ್ ಮಾಡಿದರೆ ಸ್ಟಾರ್ಟ್ ಆಗುತ್ತದೆ. ನಿಂತಲ್ಲೇ ಗುಡುಗುಡು ಎನ್ನುತ್ತ ನೀಲಿ ಹೊಗೆಯನ್ನೂ ಬಿಡುತ್ತದೆ. ಎಲ್ಲ ಸರಿಯಾಗಿದೆ ಎಂದುಕೊಂಡು ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿದಿರೋ, 'ಬ್ವಾ...' ಎಂದು ಆಕಳಿಸಿ ಎಂಜಿನ್ ಮಂಕಾಗುತ್ತದೆ. ಬೆರಳು ಸಡಿಲಿಸಿದರೆ ಮತ್ತೆ ಗುಡುಗುಡು. ಒತ್ತಿದರೆ ಮತ್ತೆ ಆಕಳಿಕೆ. ನಮ್ಮೂರ ಗ್ಯಾರೇಜುಗಳ ಭಾಷೆಯಲ್ಲಿ ಹೇಳುವುದಾದರೆ 'ಪಿಕಪ್ ಇಲ್ಲ, ಗಾಡಿ ಎಳೀತಾ ಇಲ್ಲ'.

ಹಳೆಯ ಸ್ಕೂಟರಿಗೆ ಹೀಗಾದರೆ ದೊಡ್ಡ ಅನಾಹುತವೇನಿಲ್ಲ. ಬೆವರು ಸುರಿಸುತ್ತ ತಳ್ಳಿಕೊಂಡು ಹೋದರೆ ಮುಂದಿನ ತಿರುವಿನಲ್ಲಿ ಮೆಕ್ಯಾನಿಕ್ ಸಿಗುತ್ತಾನೆ. ಆದರೆ ಕೆನಡಾದ ಉತ್ತರದಲ್ಲೋ ಅಮೆರಿಕದ ಮಿನೆಸೋಟಾದ ಕಾಡಿನಲ್ಲೋ ಜನವರಿ ತಿಂಗಳ ಸಂಜೆ, ಮನೆಯಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಹೀಗಾದರೆ? ಉಷ್ಣತೆ ಸೊನ್ನೆಗಿಂತ ೩೦ ಡಿಗ್ರಿ ಕೆಳಗಿರುತ್ತದೆ. ಸೊಂಟದವರೆಗೆ ಹೂತುಹೋಗುವ ಹಿಮದಲ್ಲಿ ಒಂದು ಕಿಲೋಮೀಟರ್ ನಡೆಯುವುದೂ ದೊಡ್ಡ ಶ್ರಮ. ಅಲ್ಲಿನ ಹಳ್ಳಿಗಳಲ್ಲಿ ಹಳೆಯ ಸ್ನೋಮೊಬೈಲಿನ ಎಂಜಿನ್ ಏಕೆ ಮಂಕಾಗುತ್ತದೆ ಎಂಬುದನ್ನು ಹದಿಹರೆಯದ ಮಕ್ಕಳೂ ತಿಳಿದಿರಬೇಕೆಂದು ಹಿರಿಯರು ಬಯಸುವುದಕ್ಕೆ ಕಾರಣ ಇದೇ. ಅದು ಹವ್ಯಾಸದ ಮಾತಲ್ಲ, ಮನೆಗೆ ಮರಳಿ ಬರುವ ಮಾತು.

ಸ್ನೋಮೊಬೈಲ್ ಎಂದರೆ ಹಿಮದ ಮೇಲೆ ಓಡುವ ಮೋಟಾರ್ ಸೈಕಲ್ ಎಂದು ತಿಳಿಯಬಹುದು. ಮುಂದೆ ಚಕ್ರದ ಬದಲು ಎರಡು ಸ್ಕೀ ಪಟ್ಟಿಗಳು. ಹ್ಯಾಂಡಲ್ ತಿರುಗಿಸಿದರೆ ಅವು ದಿಕ್ಕು ಬದಲಿಸುತ್ತವೆ. ಹಿಂದೆ ಯುದ್ಧ ಟ್ಯಾಂಕಿನದರಂತೆ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ಭಾರ ಅಷ್ಟಗಲಕ್ಕೆ ಹಂಚಿಹೋಗುವುದರಿಂದ ಬಂಡಿ ಮೆತ್ತನೆಯ ಹಿಮದಲ್ಲೂ ಹೂತುಕೊಳ್ಳದೆ ಮುಂದೆ ಸಾಗುತ್ತದೆ.

ಒಂದು ಮಗುವಿನ ಸಾವು

ಈ ಬಂಡಿಯ ಕಥೆಯ ಹಿಂದೆ ಒಬ್ಬ ತಂದೆಯ ದುಃಖವಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನ ಜೋಸೆಫ್ ಅರ್ಮಾಂ ಬೊಂಬಾರ್ಡಿಯೇ ಹುಟ್ಟು ಮೆಕ್ಯಾನಿಕ್. ೧೯೨೨ರಲ್ಲಿ, ಹದಿನೈದನೆಯ ವಯಸ್ಸಿನಲ್ಲೇ, ಹಳೆಯ ಫೋರ್ಡ್ ಕಾರಿನ ಎಂಜಿನ್ನಿಗೆ ವಿಮಾನದಂಥ ಪಂಖ ಜೋಡಿಸಿ ಜಾರುಬಂಡಿಯೊಂದನ್ನು ಓಡಿಸಿದ್ದ. ಮುಂದೆ ತನ್ನದೇ ಗ್ಯಾರೇಜ್ ತೆರೆದ. ೧೯೩೪ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಇವೋಂ ಹೊಟ್ಟೆನೋವಿನಿಂದ ನರಳತೊಡಗಿದ. ಕರುಳುಬಾಲದ ಊತ, ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ರಸ್ತೆಗಳೆಲ್ಲ ಹಿಮದಡಿ ಮುಚ್ಚಿಹೋಗಿದ್ದವು. ಹಿಮದ ಮೇಲೆ ಓಡುವ ಬಂಡಿಯ ಕನಸು ಕಾಣುತ್ತಿದ್ದವನ ಬಳಿ ಆ ದಿನ ಓಡುವ ಬಂಡಿ ಇರಲಿಲ್ಲ. ಮಗು ಉಳಿಯಲಿಲ್ಲ.

ಹಲ್ಲುಚಕ್ರ ಮತ್ತು ಸುತ್ತುಪಟ್ಟಿಯ ತನ್ನ ವ್ಯವಸ್ಥೆಗೆ ಬೊಂಬಾರ್ಡಿಯೇ ೧೯೩೭ರಲ್ಲಿ ಪೇಟೆಂಟ್ ಪಡೆದ. ಮೊದಲು ತಯಾರಿಸಿದ್ದು ಏಳು ಜನ, ಹನ್ನೆರಡು ಜನ ಕೂರುವ ದೊಡ್ಡ ಬಂಡಿಗಳನ್ನು. ವೈದ್ಯರು, ಅಂಚೆಯವರು, ಶಾಲಾ ಮಕ್ಕಳು ಅವುಗಳಲ್ಲಿ ಓಡಾಡಿದರು. ಒಬ್ಬಿಬ್ಬರು ಸವಾರಿ ಮಾಡಬಹುದಾದ ಪುಟ್ಟ ಹಳದಿ ಬಂಡಿ 'ಸ್ಕಿ-ಡೂ' ಬಂದದ್ದು ೧೯೫೯ರಲ್ಲಿ. ನಾಯಿಗಳು ಎಳೆಯುವ ಬಂಡಿಗೆ ಬದಲಿಯಾದ್ದರಿಂದ 'ಸ್ಕಿ-ಡಾಗ್' ಎಂದು ಇಟ್ಟ ಹೆಸರು ಅಕ್ಷರದೋಷದಿಂದ 'ಸ್ಕಿ-ಡೂ' ಆಯಿತೆಂಬ ಕಥೆ ಪ್ರಸಿದ್ಧ. ಮೊದಲ ವರ್ಷ ಮಾರಾಟವಾದದ್ದು ೨೨೫ ಬಂಡಿಗಳು ಮಾತ್ರ. ೧೯೬೪ರಲ್ಲಿ ಬೊಂಬಾರ್ಡಿಯೇ ತೀರಿಕೊಂಡ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, ೧೯೬೮ರ ಏಪ್ರಿಲಿನಲ್ಲಿ, ಮಿನೆಸೋಟಾದ ವಿಮಾ ಏಜೆಂಟ್ ರಾಲ್ಫ್ ಪ್ಲೈಸ್ಟೆಡ್ ಮತ್ತು ಸಂಗಡಿಗರು ಇಂಥ ಸ್ಕಿ-ಡೂಗಳಲ್ಲೇ ಹಿಮಗಡ್ಡೆಯ ಸಮುದ್ರ ದಾಟಿ ಉತ್ತರ ಧ್ರುವ ಮುಟ್ಟಿದರು.

ಯೆಜ್ಡಿಯ ದಾಯಾದಿ

೧೯೬೦ರ ದಶಕದಿಂದ ಈ ಬಂಡಿಗಳ ಹೊಟ್ಟೆಯೊಳಗೆ ಟೂ-ಸ್ಟ್ರೋಕ್ ಎಂಜಿನ್ನುಗಳು ನೆಲೆ ಊರಿದವು. ಕನ್ನಡ ನಾಡಿಗೆ ಈ ಎಂಜಿನ್ ಹೊಸದಲ್ಲ. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿಗಳ ಗುಡುಗು ಇದೇ ಜಾತಿಯದು. ಪೆಟ್ರೋಲ್ ಬಂಕಿನಲ್ಲಿ 'ಆಯಿಲ್ ಹಾಕಿ' ಎಂದು ಕೇಳಿ ಹಾಕಿಸಿಕೊಂಡ ತಲೆಮಾರಿಗೆ ಇದರ ಗುಟ್ಟು ಗೊತ್ತು. ಈ ಎಂಜಿನ್ನಿನ ಒಳಭಾಗಗಳಿಗೆ ಜಿಡ್ಡು ಒದಗಿಸಲು ಕೆಳಗಡೆ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿನ ಜೊತೆ ಬರುವ ಎಣ್ಣೆಯೇ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ಸವರಿಕೊಂಡು ಹೋಗಿ ಕೊನೆಗೆ ಉರಿದುಹೋಗುತ್ತದೆ.

ಹಿಮದ ನಾಡಿಗೆ ಇದು ಅನುಕೂಲ. ಬಿಡಿಭಾಗ ಕಡಿಮೆ, ತೂಕ ಕಡಿಮೆ. ಚಳಿಗೆ ಕಾಕಂಬಿಯಂತೆ ಗಟ್ಟಿಯಾಗುವ ಎಣ್ಣೆಯ ಕೊಳ ಇಲ್ಲವಾದ್ದರಿಂದ ಹಗ್ಗ ಎಳೆದು ಸ್ಟಾರ್ಟ್ ಮಾಡುವುದೂ ಸುಲಭ. ಪಿಸ್ಟನ್ ಒಮ್ಮೆ ಮೇಲೆ ಕೆಳಗೆ ಹೋಗಿ ಬರುವಷ್ಟರಲ್ಲಿ ಒಂದು ಸ್ಫೋಟ. ನಿಮಿಷಕ್ಕೆ ೫,೦೦೦ ಸುತ್ತಿದರೆ ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸ್ಫೋಟಗಳು. ಆದರೆ ಇದೇ ಅದರ ದೌರ್ಬಲ್ಯವೂ ಹೌದು. ಪೆಟ್ರೋಲ್ ಬರುವುದು ಕಡಿಮೆಯಾಯಿತೆಂದರೆ ಶಕ್ತಿ ಮಾತ್ರ ಕಡಿಮೆಯಾಗುವುದಿಲ್ಲ. ಜಿಡ್ಡೂ ಕಡಿಮೆಯಾಯಿತು, ತಂಪೂ ಕಡಿಮೆಯಾಯಿತು. ಅಲ್ಯೂಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿ. ಉರಿಯುವ ಅನಿಲದ ಶಾಖ ಅದರ ಮೂರು ಪಟ್ಟು. ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸೀಜ್ ಆಗಬಹುದು, ತಲೆಯಲ್ಲೇ ತೂತು ಬೀಳಬಹುದು.

ಗಾಳಿಯೋ, ಪೆಟ್ರೋಲೋ?

ಎಂಜಿನ್ನಿಗೆ ಬೇಕಾದದ್ದು ಮೂರು: ಹದವಾದ ಮಿಶ್ರಣ, ಅದನ್ನು ಒತ್ತುವ ಬಲ, ಸಮಯಕ್ಕೆ ಸರಿಯಾಗಿ ಒಂದು ಕಿಡಿ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಒಂದು ಪಾಲಿಗೆ ಸುಮಾರು ೧೪.೭ ಪಾಲು ಗಾಳಿ ಬೇಕು. ಪೂರ್ಣ ಶಕ್ತಿ ಬೇಕೆಂದಾಗ ಪೆಟ್ರೋಲನ್ನು ಇದಕ್ಕಿಂತ ಸ್ವಲ್ಪ ಧಾರಾಳವಾಗಿಯೇ ಕೊಡಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಮೆಕ್ಯಾನಿಕ್ಕುಗಳು 'ಲೀನ್' ಎನ್ನುತ್ತಾರೆ. ಪೆಟ್ರೋಲ್ ಹೆಚ್ಚಾದರೆ 'ರಿಚ್'. ತಮಾಷೆಯೆಂದರೆ, ಎರಡೂ ದೋಷಗಳ ಲಕ್ಷಣ ಹೊರಗಿನಿಂದ ಒಂದೇ: ಥ್ರಾಟಲ್ ಒತ್ತಿದಾಗ ಉಸಿರು ಕಟ್ಟುವುದು. ಹಸಿವಿನಿಂದ ಬಳಲಿದವನೂ ಅತಿಯಾಗಿ ಉಂಡವನೂ ಒಂದೇ ರೀತಿ ಕುಸಿದು ಕೂತಂತೆ.

ಹಾಗಿದ್ದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಇದಕ್ಕೆ ಕಾಸಿನ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ಒತ್ತಿ, ಮಂಕಾಗುವಾಗ ಚೋಕನ್ನು ಅರ್ಧ ಎಳೆಯಬೇಕು. ಚೋಕ್ ಎಳೆದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆಗ ಎಂಜಿನ್ ಚೇತರಿಸಿಕೊಂಡು ಏರಿದರೆ ಅದು ಪೆಟ್ರೋಲಿಗಾಗಿ ಹಸಿದಿತ್ತು ಎಂದರ್ಥ. ಇನ್ನಷ್ಟು ಉಸಿರುಗಟ್ಟಿ ನಿಂತುಹೋದರೆ ಪೆಟ್ರೋಲ್ ಮೊದಲೇ ಹೆಚ್ಚಾಗಿತ್ತು. ಪತ್ತೇದಾರಿಕೆಯ ಅರ್ಧ ಕೆಲಸ ಇಲ್ಲೇ ಮುಗಿಯಿತು. ಆದರೆ ಚೋಕ್ ಎಳೆದಾಗ ಬಂಡಿ ಓಡಿತೆಂದು ಹಾಗೇ ಅರ್ಧ ಚೋಕಿನಲ್ಲಿ ಓಡಿಸುವುದು ಜ್ವರಕ್ಕೆ ಮಾತ್ರೆ ನುಂಗಿ ಕಾಯಿಲೆಯನ್ನು ಮರೆತಂತೆ. ಸೀಜ್ ಆದ ಅನೇಕ ಪಿಸ್ಟನ್ನುಗಳ ಹಿಂದೆ ಇರುವ ತಪ್ಪು ಇದೇ.

ಎರಡನೆಯ ಸಾಕ್ಷಿ ಸ್ಪಾರ್ಕ್ ಪ್ಲಗ್. ಬಂಡಿಯನ್ನು ಒಂದಿಷ್ಟು ದೂರ ಓಡಿಸಿ, ಐಡ್ಲಿಂಗಿನಲ್ಲಿ ಬಿಡದೆ ಥಟ್ಟನೆ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಹದ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಅಪಾಯ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು, ಇಲ್ಲವೇ ಕಿಡಿ ದುರ್ಬಲ. ಎರಡು ಸಿಲಿಂಡರಿನ ಬಂಡಿಯಲ್ಲಿ ಒಂದು ಪ್ಲಗ್ ಕಾಫಿ ಬಣ್ಣ, ಇನ್ನೊಂದು ಬಿಳಿ ಎಂದಾದರೆ ದೋಷ ಎರಡಕ್ಕೂ ಸೇರಿದ ಟ್ಯಾಂಕಿನದಲ್ಲ, ಆ ಒಂದು ಸಿಲಿಂಡರಿನ ದಾರಿಯದು ಎಂದು ಊಹಿಸಬಹುದು.

ಟ್ಯಾಂಕಿನಿಂದ ಶುರು

ಒಳ್ಳೆಯ ಮೆಕ್ಯಾನಿಕ್ ಮೊದಲು ಎಂಜಿನ್ ಬಿಚ್ಚುವುದಿಲ್ಲ. ಪೆಟ್ರೋಲ್ ಬರುವ ದಾರಿಯಲ್ಲೇ, ಟ್ಯಾಂಕಿನಿಂದ ಹೊರಟು, ಒಂದೊಂದೇ ನಿಲ್ದಾಣ ನೋಡುತ್ತ ಹೋಗುತ್ತಾನೆ.

ಮೊದಲನೆಯ ಆರೋಪಿ ಹಳಸಿದ ಪೆಟ್ರೋಲ್. ಹಿಮಬಂಡಿಗೆ ವರ್ಷದಲ್ಲಿ ಏಳೆಂಟು ತಿಂಗಳು ರಜೆ. ಏಪ್ರಿಲಿನಲ್ಲಿ ಉಳಿದ ಪೆಟ್ರೋಲ್ ಡಿಸೆಂಬರಿನವರೆಗೆ ಟ್ಯಾಂಕಿನಲ್ಲೇ ಕುಳಿತರೆ ಅದರಲ್ಲಿನ ಹಗುರ ಅಂಶಗಳು ಆರಿಹೋಗಿ, ಉಳಿದದ್ದು ಅಂಟಾಗುತ್ತದೆ. ಅಮೆರಿಕ, ಕೆನಡಾಗಳಲ್ಲಿ ಸಾಮಾನ್ಯ ಪೆಟ್ರೋಲಿಗೆ ಶೇಕಡ ಹತ್ತರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಿತಿ ಮೀರಿದರೆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಬೇಸಿಗೆಯ ನಾಡಿನಲ್ಲಿ ಆ ನೀರಹನಿ ಎಂಜಿನ್ನನ್ನು ಕೆಮ್ಮಿಸಿ ಹೋದೀತು. ಅಲ್ಲಿ ಅದು ಗಟ್ಟಿಯಾಗಿ ಹರಳಾಗಿ ದಾರಿಗೇ ಅಡ್ಡ ಕೂರುತ್ತದೆ. ಹಳೆಯದನ್ನು ತೆಗೆದು ಹೊಸ ಪೆಟ್ರೋಲ್ ತುಂಬುವುದು ಮೊದಲ ಚಿಕಿತ್ಸೆ.

ಎರಡನೆಯದು ಟ್ಯಾಂಕಿನ ಉಸಿರುಗಂಡಿ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಆ ಕಿರಿದಾದ ಕೊಳವೆ ಮಂಜಿನಿಂದಲೋ ಕೊಳೆಯಿಂದಲೋ ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಮಂಕಾಗುವ ಬಂಡಿಗೆ ಹೆಚ್ಚಾಗಿ ಇದೇ ರೋಗ. ಮುಚ್ಚಳ ಸಡಿಲಿಸಿದಾಗ 'ಸುಯ್' ಎಂದು ಗಾಳಿ ಒಳನುಗ್ಗಿ ಬಂಡಿ ಸರಿಯಾದರೆ ರೋಗ ಸಿಕ್ಕಿತು.

ಮೂರನೆಯದು ಕೊಳವೆಗಳು ಮತ್ತು ಪಂಪು. ಹಳೆಯ ಬಂಡಿಗಳ ಪೆಟ್ರೋಲ್ ಪಂಪಿಗೆ ವಿದ್ಯುತ್ತಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಎಂಜಿನ್ನಿನ ತಳದ ಕೋಣೆಯಲ್ಲಿ ಏಳುವ ಒತ್ತಡದ ಬಡಿತವನ್ನು ಒಂದು ರಬ್ಬರ್ ನಳಿಗೆ ಪಂಪಿಗೆ ಒಯ್ಯುತ್ತದೆ. ಆ ಬಡಿತಕ್ಕೆ ತೆಳ್ಳನೆಯ ಪೊರೆಯೊಂದು ಅದುರುತ್ತ ಪೆಟ್ರೋಲ್ ಎತ್ತುತ್ತದೆ. ಇಪ್ಪತ್ತು ಮೂವತ್ತು ಚಳಿಗಾಲ ಕಂಡ ರಬ್ಬರ್ ನಳಿಗೆ ಸೀಳಿದ್ದರೆ ಐಡ್ಲಿಂಗಿಗೆ ಸಾಲುವಷ್ಟು ಪೆಟ್ರೋಲ್ ಬರುತ್ತದೆ, ಓಟಕ್ಕೆ ಸಾಲುವಷ್ಟು ಬರುವುದಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿಕೊಂಡರೂ ಇದೇ ಲಕ್ಷಣ. ಬಗ್ಗಿಸಿದರೆ ಬಿರುಕು ಬಿಡುವ ನಳಿಗೆಗಳನ್ನೆಲ್ಲ ಒಮ್ಮೆಲೇ ಬದಲಿಸುವುದು ಲೇಸು. ಅವು ದುಬಾರಿಯೂ ಅಲ್ಲ.

ನಾಲ್ಕನೆಯದು ಗಾಳಿಯ ಕಡೆ. ಬೇಸಿಗೆಯಲ್ಲಿ ಷೆಡ್ಡಿನ ಇಲಿಗಳಿಗೆ ಗಾಳಿಪೆಟ್ಟಿಗೆ ಬೆಚ್ಚನೆಯ ಬಾಣಂತಿಕೋಣೆ. ಹತ್ತಿ, ಕಾಗದ, ಹುಲ್ಲು ತುಂಬಿಕೊಂಡ ಪೆಟ್ಟಿಗೆಯಿಂದ ಎಂಜಿನ್ನಿಗೆ ಗಾಳಿ ಎಲ್ಲಿಂದ ಬಂದೀತು? ಪುಡಿಹಿಮ ಸೇರಿಕೊಂಡು ಗಟ್ಟಿಯಾದರೂ ಅಷ್ಟೇ. ಇದಕ್ಕೆ ವಿರುದ್ಧವಾದ ರೋಗವೂ ಇದೆ. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ದಪ್ಪ ರಬ್ಬರ್ ಕುತ್ತಿಗೆ ವಯಸ್ಸಾದಂತೆ ಬಿರಿದು, ಲೆಕ್ಕಕ್ಕೆ ಸಿಗದ ಗಾಳಿ ಕಳ್ಳದಾರಿಯಲ್ಲಿ ಒಳಸೇರುತ್ತದೆ. ಕೈಯಲ್ಲಿ ಬಗ್ಗಿಸಿ ಬೆಳಕಿಗೆ ಹಿಡಿದರೆ ಬಿರುಕು ಕಾಣುತ್ತದೆ. ಈ ಬಿರುಕನ್ನು ನೋಡದೆ ಕಾರ್ಬ್ಯುರೇಟರನ್ನು ಹತ್ತು ಸಲ ತೊಳೆದರೂ ಫಲವಿಲ್ಲ.

ಹೆಬ್ಬೆರಳು ಎಲ್ಲಿದೆ?

ಐದನೆಯ ನಿಲ್ದಾಣ ಕಾರ್ಬ್ಯುರೇಟರ್. ಬಹುಪಾಲು ತಪ್ಪಿತಸ್ಥ ಇದೇ, ಆದರೂ ಇದಕ್ಕೆ ಒಂದು ನ್ಯಾಯವಿದೆ. ಒಳಗೆ ಪೆಟ್ರೋಲಿಗೆ ಒಂದಲ್ಲ, ಹಲವು ದಾರಿಗಳು. ಥ್ರಾಟಲ್ ಎಷ್ಟು ಒತ್ತಿದ್ದೀರಿ ಎಂಬುದರ ಮೇಲೆ ಒಂದೊಂದು ದಾರಿ ಅಧಿಕಾರ ವಹಿಸಿಕೊಳ್ಳುತ್ತದೆ. ಐಡ್ಲಿಂಗಿನಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್. ಅಲ್ಲಿಂದ ಕಾಲುಭಾಗದವರೆಗೆ ಮೇಲೇಳುವ ಸ್ಲೈಡಿನ ತಳದ ಓರೆಕಚ್ಚು. ಕಾಲಿನಿಂದ ಮುಕ್ಕಾಲರವರೆಗೆ ಚೂಪಾದ ನೀಡಲ್. ಅಲ್ಲಿಂದ ಮುಂದೆ ಮೇನ್ ಜೆಟ್. ಆದ್ದರಿಂದ 'ಮಂಕಾಗುತ್ತದೆ' ಎಂದರೆ ಸಾಲದು. ಹೆಬ್ಬೆರಳು ಎಲ್ಲಿದ್ದಾಗ ಮಂಕಾಗುತ್ತದೆ ಎಂದು ಹೇಳಬೇಕು. ಹಿಡಿಯ ಮೇಲೆ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದುಕೊಂಡರೆ ಯಾವ ದಾರಿ ಕಟ್ಟಿದೆ ಎಂದು ಬಂಡಿಯೇ ಬೆರಳು ತೋರಿಸುತ್ತದೆ.

ಐಡ್ಲಿಂಗ್ ಸರಿಯಾಗಿದ್ದು, ಒತ್ತಿದ ಕೂಡಲೇ ಮಂಕಾಗಿ, ಹೇಗೋ ದಾಟಿಸಿದರೆ ಮುಂದೆ ಚೆನ್ನಾಗಿ ಓಡಿದರೆ ಸಂಶಯ ಪೈಲಟ್ ಜೆಟ್ಟಿನ ಮೇಲೆ. ಗಾಳಿ ಹಗುರ, ಪೆಟ್ರೋಲ್ ಭಾರ. ಥ್ರಾಟಲ್ ಫಕ್ಕನೆ ತೆರೆದಾಗ ಗಾಳಿ ತಕ್ಷಣ ನುಗ್ಗುತ್ತದೆ, ಪೆಟ್ರೋಲ್ ಒಂದು ಕ್ಷಣ ಹಿಂದೆ ಬೀಳುತ್ತದೆ. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಹಳಸಿದ ಪೆಟ್ರೋಲಿನ ಅಂಟು ಅದನ್ನು ಅರ್ಧ ಮುಚ್ಚಿದ್ದರೂ ಆ ಒಂದು ಕ್ಷಣದ ಕೊರತೆ ತುಂಬುವುದಿಲ್ಲ. ಜೆಟ್ಟನ್ನು ಬಿಚ್ಚಿ, ದ್ರಾವಕದಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಬೇಕು. ದುಂಡನೆಯ ಬೆಳಕಿನ ಚುಕ್ಕೆ ಕಂಡರೆ ಶುದ್ಧ. ತಂತಿ ಚುಚ್ಚಿದರೆ ಹಿತ್ತಾಳೆಯ ತೂತು ದೊಡ್ಡದಾಗಿ ಇನ್ನೊಂದು ರೋಗ ಹುಟ್ಟುತ್ತದೆ.

ಇಷ್ಟಾದರೂ ಗುಣವಾಗದಿದ್ದರೆ ಎಂಜಿನ್ನಿನ ಒತ್ತುಬಲ ಅಳೆಯಬೇಕು. ಪ್ಲಗ್ ಬಿಚ್ಚಿದ ಜಾಗಕ್ಕೆ ಮಾಪಕ ಸಿಕ್ಕಿಸಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಎರಡು ಸಿಲಿಂಡರುಗಳ ನಡುವೆ ಶೇಕಡ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ತೋರಿಸಿದ ಕಡೆ ರಿಂಗೋ ಪಿಸ್ಟನ್ನೋ ಸವೆದಿದೆ. ಕ್ರ್ಯಾಂಕಿನ ತುದಿಯ ಸೀಲುಗಳು, ಸೇವನೆಯ ದಾರಿಯ ರೀಡ್ ಎಲೆಗಳು, ಫ್ಲೈವೀಲಿನ ಅಡಿಯ ಕಾಯಿಲುಗಳು ಇವೆಲ್ಲ ಆಮೇಲಿನ ಪರೀಕ್ಷೆಗಳು. ಅವಕ್ಕೆ ಅನುಭವಿಗಳ ಕೈ ಬೇಕು.

ಚಳಿಯ ಲೆಕ್ಕ, ಎತ್ತರದ ಲೆಕ್ಕ

ಕಳೆದ ವಾರ ಚೆನ್ನಾಗಿ ಓಡಿದ ಬಂಡಿ ಈ ವಾರ ಏನೂ ಕೆಡದೆಯೇ ಮಂಕಾಗಬಹುದು. ಇಲ್ಲಿ ಹೈಸ್ಕೂಲಿನ ಭೌತಶಾಸ್ತ್ರ ಕೆಲಸಕ್ಕೆ ಬರುತ್ತದೆ. ಒತ್ತಡ ಒಂದೇ ಇದ್ದಾಗ ಗಾಳಿಯ ಸಾಂದ್ರತೆ ಅದರ ಪರಮ ಉಷ್ಣತೆಗೆ ವಿಲೋಮ. ೨೦ ಡಿಗ್ರಿ ಸೆಲ್ಸಿಯಸ್ ಎಂದರೆ ೨೯೩ ಕೆಲ್ವಿನ್. ಸೊನ್ನೆಗಿಂತ ೩೦ ಕೆಳಗೆ ಎಂದರೆ ೨೪೩. ಭಾಗಿಸಿದರೆ ೧.೨. ಅಂದರೆ ಆ ಚಳಿಯಲ್ಲಿ ಎಂಜಿನ್ ಒಂದು ಗುಟುಕಿಗೆ ಶೇಕಡ ಇಪ್ಪತ್ತರಷ್ಟು ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಜೆಟ್ಟಿನ ತೂತು ಮಾತ್ರ ಅಷ್ಟೇ ಇರುತ್ತದೆ. ಚಳಿ ಹೆಚ್ಚಿದಂತೆ ದೊಡ್ಡ ಜೆಟ್ ಹಾಕಬೇಕೆಂದು ಹಳೆಯ ಬಂಡಿಗಳ ಕೈಪಿಡಿಯಲ್ಲಿ ಕೋಷ್ಟಕವೇ ಇರುವುದು ಈ ಕಾರಣಕ್ಕೆ.

ಬೆಟ್ಟ ಹತ್ತಿದರೆ ಲೆಕ್ಕ ತಿರುಗುಮುರುಗು. ಸುಮಾರು ೫,೫೦೦ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಕೆಳಗಿನ ಊರಿನ ಜೆಟ್ ಅಲ್ಲಿ ಪೆಟ್ರೋಲನ್ನು ಅತಿಯಾಗಿ ಸುರಿದು ಎಂಜಿನ್ನನ್ನು ಮುಳುಗಿಸುತ್ತದೆ. ಭಾರತಕ್ಕೂ ಇದು ದೂರದ ಮಾತಲ್ಲ. ಗುಲ್ಮಾರ್ಗದಲ್ಲಿ ಪ್ರವಾಸಿಗರು ಸವಾರಿ ಮಾಡುವ 'ಸ್ನೋ ಸ್ಕೂಟರ್' ಇದೇ ಬಂಡಿ. ಸಿಯಾಚಿನ್ ಹಿಮನದಿಯ ಮೇಲೆ ಸರಕು ಸಾಗಿಸಲು ಭಾರತೀಯ ಸೇನೆ ಬಳಸುವುದೂ ಇದನ್ನೇ. ೨೦೧೬ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಹಿಮಪಾತಕ್ಕೆ ಸಿಕ್ಕಿದ ಠಾಣೆ ೧೯,೦೦೦ ಅಡಿಗೂ ಮೇಲಿತ್ತು. ಅಂಥ ಎತ್ತರದಲ್ಲಿ ಮನುಷ್ಯನಿಗೂ ಎಂಜಿನ್ನಿಗೂ ಉಸಿರಾಟದ ಕಷ್ಟ ಒಂದೇ.

ಎಂಜಿನ್ ನಿರಪರಾಧಿ ಆದಾಗ

ಕೆಲವೊಮ್ಮೆ ದೂರು ಎಂಜಿನ್ನಿನ ಮೇಲೆ, ತಪ್ಪು ಬೇರೆಯವರದು. ಹಿಮಬಂಡಿಗೆ ಗೇರುಗಳಿಲ್ಲ. ಗೇರಿಲ್ಲದ ಇಂದಿನ ಸ್ಕೂಟರುಗಳಲ್ಲಿರುವಂತೆ ಎರಡು ಕ್ಲಚ್ ಗಾಲಿಗಳ ನಡುವೆ ಅಗಲವಾದ ಬೆಲ್ಟ್ ಇರುತ್ತದೆ. ಎಂಜಿನ್ ಸಾಮಾನ್ಯವಾಗಿ ೩,೦೦೦ದಿಂದ ೪,೦೦೦ ಸುತ್ತು ತಲುಪಿದಾಗ ಮೊದಲ ಗಾಲಿ ಬೆಲ್ಟನ್ನು ಕಚ್ಚಿ ಹಿಡಿಯುತ್ತದೆ. ಅದರೊಳಗಿನ ಸ್ಪ್ರಿಂಗ್ ಸೋತು ಬೇಗನೆ ಕಚ್ಚಿದರೆ, ಅಥವಾ ಎರಡನೆಯ ಗಾಲಿ ತುಕ್ಕಿನಿಂದ ಹಿಡಿದುಕೊಂಡು ಮರಳಿ ಬಾರದಿದ್ದರೆ, ಎಂಜಿನ್ನಿಗೆ ಬಲ ಬರುವ ಮುನ್ನವೇ ಪೂರ್ತಿ ಹೊರೆ ಬೀಳುತ್ತದೆ. ಟಾಪ್ ಗೇರಿನಲ್ಲಿ ಉಬ್ಬು ಹತ್ತಿಸಿದ ಸ್ಕೂಟರಿನ ಪಾಡು. ಸವೆದು ಕಿರಿದಾದ ಬೆಲ್ಟಿನಿಂದಲೂ ಓಟ ಮಂಕಾಗುತ್ತದೆ. ಇನ್ನೂ ಸರಳವಾದದ್ದು: ರಾತ್ರಿ ಒದ್ದೆ ಹಿಮದಲ್ಲಿ ನಿಲ್ಲಿಸಿದ ಬಂಡಿಯ ಪಟ್ಟಿ ನೆಲಕ್ಕೆ ಹೆಪ್ಪುಗಟ್ಟಿ ಅಂಟಿರುತ್ತದೆ. ಬಂಡಿಯನ್ನು ಅಕ್ಕಪಕ್ಕ ಅಲುಗಿಸಿ ಬಿಡಿಸದೆ ಥ್ರಾಟಲ್ ಒತ್ತಿದರೆ ಬೆಲ್ಟ್ ಸುಟ್ಟು ವಾಸನೆ ಬಂದೀತು, ಬಂಡಿ ಕದಲದು.

ಬೇಸಿಗೆಯಲ್ಲೇ ಚಳಿಗಾಲದ ಸಿದ್ಧತೆ

ಇಷ್ಟೆಲ್ಲ ರೋಗಗಳಲ್ಲಿ ಮುಕ್ಕಾಲುಪಾಲು ಬಂಡಿ ಓಡುವಾಗ ಹುಟ್ಟುವುದಿಲ್ಲ, ನಿಂತಾಗ ಹುಟ್ಟುತ್ತದೆ. ಕೊನೆಯ ಹಿಮ ಕರಗಿದ ದಿನವೇ ಅರ್ಧ ದಿನ ಕೊಟ್ಟರೆ ಡಿಸೆಂಬರಿನಲ್ಲಿ ನಿಶ್ಚಿಂತೆ. ಟ್ಯಾಂಕನ್ನು ಖಾಲಿ ಮಾಡಬೇಕು, ಇಲ್ಲವೇ ಪೆಟ್ರೋಲ್ ಕೆಡದಂತೆ ಕಾಯುವ ದ್ರವ ಬೆರೆಸಿ ಕೆಲವು ನಿಮಿಷ ಓಡಿಸಬೇಕು. ಕಾರ್ಬ್ಯುರೇಟರಿನ ಬಟ್ಟಲು ಬಸಿಯಬೇಕು. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಹಗ್ಗವನ್ನು ಮೆಲ್ಲಗೆ ನಾಲ್ಕು ಸಲ ಎಳೆದರೆ ಒಳಗೆ ತುಕ್ಕು ಹಿಡಿಯದು. ಬೆಲ್ಟ್ ಕಳಚಿಡಬೇಕು. ಕೀಲುಗಳಿಗೆ ಗ್ರೀಸು, ಚೈನ್ ಪೆಟ್ಟಿಗೆಗೆ ಹೊಸ ಎಣ್ಣೆ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಪಟ್ಟಿಯ ಭಾರ ಇಳಿಸಬೇಕು. ಗಾಳಿ ಹೋಗುವ ಬಾಯಿಗೂ ಹೊಗೆ ಬರುವ ಬಾಯಿಗೂ ಜಾಲರಿ ಕಟ್ಟಿದರೆ ಇಲಿಗಳು ಬೇರೆ ಮನೆ ಹುಡುಕಿಕೊಳ್ಳುತ್ತವೆ. ಕಟ್ಟಿದ ಜಾಲರಿಯ ನೆನಪಿಗೆ ಹ್ಯಾಂಡಲಿಗೆ ಒಂದು ಚೀಟಿ ತೂಗುಹಾಕುವುದನ್ನು ಮರೆಯಬಾರದು.

ಎಣ್ಣೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. 'ಸ್ವಲ್ಪ ಜಾಸ್ತಿ ಹಾಕಿದರೆ ಎಂಜಿನ್ನಿಗೆ ಒಳ್ಳೆಯದೇ' ಎಂಬ ಮಾತು ಅಲ್ಲೂ ಇದೆ, ಇಲ್ಲೂ ಇತ್ತು. ಆದರೆ ಜೆಟ್ಟಿನ ತೂತಿನಿಂದ ಬರುವ ದ್ರವದ ಒಟ್ಟು ಪ್ರಮಾಣ ಹೆಚ್ಚುಕಡಿಮೆ ನಿಗದಿ. ಅದರಲ್ಲಿ ಎಣ್ಣೆಯ ಪಾಲು ಏರಿದರೆ ಪೆಟ್ರೋಲಿನ ಪಾಲು ಇಳಿಯಿತು. ಗಾಳಿಗೆ ಹೋಲಿಸಿದರೆ ಮಿಶ್ರಣ ಬಡವಾಯಿತು. ಒಳ್ಳೆಯದೆಂದು ಮಾಡಿದ್ದೇ ಎಂಜಿನ್ನನ್ನು ಬಿಸಿ ಮಾಡುತ್ತದೆ. ಕೈಪಿಡಿಯಲ್ಲಿ ೫೦ಕ್ಕೆ ೧ ಎಂದಿದ್ದರೆ ೫೦ಕ್ಕೆ ೧, ಅಷ್ಟೇ.

ದೊಡ್ಡವರ ಜವಾಬ್ದಾರಿ

ಈ ಕೆಲಸದಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವ ತಂದೆತಾಯಿ ಮೂರು ನಿಯಮಗಳನ್ನು ಮೊದಲೇ ಹಾಕುತ್ತಾರೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಕೂಡದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಪೆಟ್ರೋಲ್ ಬಿಚ್ಚಿಟ್ಟ ಜಾಗದಲ್ಲಿ ಹೀಟರ್ ಇರಕೂಡದು. ಎತ್ತಿ ನಿಲ್ಲಿಸಿದ ಬಂಡಿಯ ಪಟ್ಟಿ ಸುತ್ತುವಾಗ ಅದರ ಹಿಂದೆ ಯಾರೂ ನಿಲ್ಲಕೂಡದು. ಸಿಕ್ಕಿಕೊಂಡ ಕಲ್ಲೊಂದು ಕವಣೆಯಿಂದ ಬಂದಂತೆ ಬರುತ್ತದೆ. ಕ್ಲಚ್ಚಿನ ಮುಚ್ಚಳ ತೆಗೆದು ರೇಸ್ ಕೊಡುವುದೂ ನಿಷಿದ್ಧ.

ನಾಲ್ಕನೆಯ ನಿಯಮ ಅಪಾಯದ್ದಲ್ಲ, ವಿವೇಕದ್ದು: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಜೆಟ್, ಫಿಲ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಬಂಡಿ ಓಡಿತೆನ್ನಿ; ಯಾವುದು ಕೆಟ್ಟಿತ್ತು ಎಂಬುದು ಗೊತ್ತಾಗದೇ ಹೋಯಿತು. ಒಂದನ್ನು ಬದಲಿಸು, ಓಡಿಸಿ ನೋಡು, ನೋಟ್ ಪುಸ್ತಕದಲ್ಲಿ ದಿನಾಂಕ, ಉಷ್ಣತೆ, ಫಲಿತಾಂಶ ಬರೆ. ಪ್ರಯೋಗಾಲಯದಲ್ಲಿ ವಿಜ್ಞಾನದ ಮೇಷ್ಟ್ರು ಹೇಳುವುದೂ ಇದನ್ನೇ. ಕೆಟ್ಟುಹೋದ ಪಂಪ್‌ಸೆಟ್ಟಿಗೂ ಹೊಲಕ್ಕೆ ಗೊಬ್ಬರ ಹೊರುವ ಹಳೆಯ ಮೊಪೆಡ್ಡಿಗೂ ಈ ಕ್ರಮ ಹಾಗೇ ಸಲ್ಲುತ್ತದೆ.

ನಾಯಿ ಹೋಗಿ ಬಂಡಿ ಬಂತು

ಬಂಡಿ ಎಲ್ಲರಿಗೂ ಸುಖವನ್ನೇ ತರಲಿಲ್ಲ. ಉತ್ತರ ಫಿನ್ಲೆಂಡಿನ ಸೆವೆಟ್ಟಿಯಾರ್ವಿ ಎಂಬಲ್ಲಿ ಹಿಮಸಾರಂಗ ಸಾಕುವ ಸ್ಕೋಲ್ಟ್ ಸಾಮಿ ಜನರ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ ೧೯೭೩ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದ. ಮೊದಲು ಸಾರಂಗವೇ ಬಂಡಿ ಎಳೆಯುತ್ತಿತ್ತು. ಅದಕ್ಕೆ ಮೇವು ಹಿಮದಡಿಯಲ್ಲೇ ಸಿಗುತ್ತಿತ್ತು. ಯಂತ್ರ ಬಂದ ಮೇಲೆ ಪೆಟ್ರೋಲಿಗೆ, ಬೆಲ್ಟಿಗೆ, ಪಿಸ್ಟನ್ನಿಗೆ ನಗದು ಬೇಕಾಯಿತು. ಕೊಳ್ಳಬಲ್ಲವರು ಮುಂದೆ ಹೋದರು. ಕೊಳ್ಳಲಾಗದವರಲ್ಲಿ ಹಲವರು ಸಾಕಣೆಯನ್ನೇ ಬಿಟ್ಟರು. ಕೆನಡಾದ ಉತ್ತರದ ಇನ್ಯೂಟ್ ಬೇಟೆಗಾರರಿಗೆ ಹಿಂದೆ ನಾಯಿಗಳ ಹಿಂಡಿತ್ತು. ಬಿರುಗಾಳಿಯಲ್ಲಿ ದಾರಿ ತಪ್ಪಿದರೂ ನಾಯಿಗಳು ಮನೆಯ ಜಾಡು ಹಿಡಿಯುತ್ತಿದ್ದವು. ಬಂಡಿಗೆ ಆ ಮೂಗಿಲ್ಲ. ನಾಯಿಯನ್ನು ಅರಿತಿದ್ದವರ ಮೊಮ್ಮಕ್ಕಳು ಕಾರ್ಬ್ಯುರೇಟರನ್ನು ಅರಿಯಲೇಬೇಕಾಯಿತು.

ಟೂ-ಸ್ಟ್ರೋಕಿನ ಮೇಲಿನ ಇನ್ನೊಂದು ದೂರು ಹೊಗೆಯದು. ಸಿಲಿಂಡರಿಗೆ ಹೊಸ ಮಿಶ್ರಣ ನುಗ್ಗುವಾಗಲೇ ಹಳೆಯ ಹೊಗೆ ಹೊರಡುವುದರಿಂದ ಉರಿಯದ ಪೆಟ್ರೋಲಿನ ದೊಡ್ಡ ಪಾಲು ಹಾಗೇ ಹೊರಗೆ ಹೋಗುತ್ತದೆ. ನಮ್ಮಲ್ಲಿ ಟೂ-ಸ್ಟ್ರೋಕ್ ಬೈಕುಗಳು ಮರೆಯಾದದ್ದೂ ಹೊಗೆಯ ನಿಯಮಗಳು ಬಿಗಿಯಾದ ಮೇಲೆಯೇ. ಹಿಮಬಂಡಿಯ ಹೊಗೆ, ಸದ್ದು ತಗ್ಗಿಸುವ ಸವಾಲನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಟ್ಟ 'ಕ್ಲೀನ್ ಸ್ನೋಮೊಬೈಲ್ ಚಾಲೆಂಜ್' ಸ್ಪರ್ಧೆ ೨೦೦೦ದಲ್ಲಿ ಅಮೆರಿಕದ ವ್ಯೋಮಿಂಗಿನಲ್ಲಿ ಆರಂಭವಾಯಿತು. ೨೦೦೩ರಿಂದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಬಂತು. ಕಾರ್ಖಾನೆಯ ಬಂಡಿಯನ್ನು ಬಿಚ್ಚಿ, ಬದಲಿಸಿ, ಅಳೆದು, ಓಡಿಸಿ ತೋರಿಸುವುದೇ ಅಲ್ಲಿನ ಪರೀಕ್ಷೆ.

ಹೊಸ ಬಂಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಗಣಕ ನಿಯಂತ್ರಿತ ಇಂಜೆಕ್ಷನ್ ಬಂದಿದೆ. ಚಳಿ, ಎತ್ತರಗಳ ಲೆಕ್ಕವನ್ನು ಅದೇ ಹಾಕಿಕೊಳ್ಳುತ್ತದೆ. ಆದರೆ ಷೆಡ್ಡುಗಳಲ್ಲಿ ಅಪ್ಪನ ಕಾಲದ, ಅಜ್ಜನ ಕಾಲದ ಬಂಡಿಗಳು ಇನ್ನೂ ಇವೆ. ಕಡಿಮೆ ಬೆಲೆಗೆ ಸಿಗುತ್ತವೆ, ಎಲ್ಲ ಭಾಗಗಳೂ ಕೈಗೆಟಕುತ್ತವೆ, ಕೆಟ್ಟರೆ ಕಾರಣ ಕಣ್ಣಿಗೆ ಕಾಣುತ್ತದೆ. ಅವುಗಳ ಸೀಟಿನಡಿ ಎರಡು ಹೊಸ ಪ್ಲಗ್, ಒಂದು ಬೆಲ್ಟ್, ಪ್ಲಗ್ ಸ್ಪ್ಯಾನರ್, ಟಾರ್ಚ್ ಮತ್ತು ಬೆಂಕಿಪೆಟ್ಟಿಗೆ ಇದೆಯೇ ಎಂದು 'ಹೋಗಿ ಬರ್ತೀನಮ್ಮ' ಎಂದು ಹೊರಡುವ ಮಗನನ್ನೋ ಮಗಳನ್ನೋ ತಾಯಿ ಕೇಳಬೇಕಾದ ಪ್ರಶ್ನೆ. ಹೊರಡುವ ಮುನ್ನ ಯಾವ ದಾರಿಯಲ್ಲಿ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗುವುದು ಮಕ್ಕಳ ಕೆಲಸ.